ಹದಿನೈದು ಜೆರ್ಸಿ ಮತ್ತು ಒಂದು ಮಾರ್ಕ್ಸ್ ಕಾರ್ಡು

ಕಳೆದ ವಾರ ರೇಷನ್ ಕಾರ್ಡಿನ ಎರಡು ಪ್ರತಿ ಬೇಕಾಗಿ ಖಾಜಾನ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ನಿಂತಿದ್ದ ಟೀಚರೊಬ್ಬರು ಯಾವುದೋ ಗುರುತಿನ ಚೀಟಿಯನ್ನು ಲ್ಯಾಮಿನೇಷನ್‌ಗೆ ಕೊಟ್ಟಿದ್ದರು. ಮಷೀನು ಕಾದು, ಅದರ ಬಾಯಿಂದ ಪ್ಲಾಸ್ಟಿಕ್ ಹೊರಗೆ ಬರುತ್ತಿದ್ದಂತೆ ಆ ವಾಸನೆ ಬಂತು. ಅರ್ಧ ಸುಟ್ಟ, ಅರ್ಧ ಸಿಹಿಯಾದ, ಗಂಟಲಿಗೆ ಅಂಟಿಕೊಳ್ಳುವ ವಾಸನೆ. ಖಾಜಾ ನನ್ನ ರೇಷನ್ ಕಾರ್ಡನ್ನು ಕೈಯಲ್ಲಿ ಹಿಡಿದು, "ಇದನ್ನೂ ಒಂದು ಮಾಡಿಬಿಡ್ಲೇನಕ್ಕಾ? ಮಳಿಗಿ ನೆನೆಯಂಗಿಲ್ಲ" ಅಂದ. ನಾನು ಕಾರ್ಡನ್ನು ಕಿತ್ತುಕೊಂಡ ರಭಸಕ್ಕೆ ಟೀಚರು ಒಂದು ಹೆಜ್ಜೆ ಹಿಂದೆ ಸರಿದರು.

ಖಾಜಾನಿಗೆ ಕಾರಣ ಗೊತ್ತು. ಅವನು ನಕ್ಕ. "ಇನ್ನೂ ಸಿಟ್ಟು ಹೋಗಿಲ್ಲೇನಕ್ಕಾ?"

ಹೋಗಿಲ್ಲ. ಮೂರು ವರ್ಷವಾಯಿತು. ಹೋಗಲಿ ಎಂಬ ಆಸೆಯೂ ನನಗಿಲ್ಲ. ಕೆಲವರ ಮೇಲಿನ ಸಿಟ್ಟನ್ನು ಉಪ್ಪಿನಕಾಯಿಯ ಭರಣಿಯಂತೆ ಬಟ್ಟೆ ಕಟ್ಟಿ ಇಟ್ಟುಕೊಳ್ಳಬೇಕು, ಆಗಾಗ ತೆಗೆದು ಕೈಯಾಡಿಸಬೇಕು. ನನ್ನ ಭರಣಿಯಲ್ಲಿರುವ ಹೆಸರು ಚನ್ನವೀರಪ್ಪ. ಕೂಡ್ಲಿಗಿಯಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವವನು, ಆ ಬೇಸಿಗೆಯಲ್ಲಿ ನಮ್ಮೂರ ಕ್ರಿಕೆಟ್ ತಂಡದ ಮಾಲೀಕನಾಗಿದ್ದವನು.

ಆ ವರ್ಷ ಶಿವರಾತ್ರಿ ಕಳೆಯುತ್ತಿದ್ದಂತೆ ಐದು ತಾಲ್ಲೂಕಿನ ಐದು ಜನ ಸಾಹುಕಾರರು ಸೇರಿ ಟೆನಿಸ್ ಚೆಂಡಿನ ಲೀಗ್ ಮಾಡಿದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಊರಿಗೊಂದು ತಂಡ. ನಮ್ಮ ತಂಡಕ್ಕೆ 'ಕರಡಿಗಳು' ಎಂದು ಹೆಸರು, ಗುಡೇಕೋಟೆಯ ಗುಡ್ಡದಲ್ಲಿ ಕರಡಿಗಳಿವೆಯಲ್ಲ ಅದಕ್ಕೆ. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವುದು, ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿಕೊಳ್ಳುವುದು, ಬೇಡವಾದರೆ ನಡುವೆಯೇ ಇನ್ನೊಂದು ತಂಡಕ್ಕೆ ಕೊಟ್ಟುಬಿಡುವುದು. ಶನಿವಾರ ಭಾನುವಾರ ಆಟ. ವಾರದ ಉಳಿದ ದಿನ ಮಾತು.

ನನಗೆ ಕ್ರಿಕೆಟ್ಟಿನ ತಲೆಬುಡ ಗೊತ್ತಿಲ್ಲ. ಕೊಟ್ಟೂರು ರಸ್ತೆಯಲ್ಲಿ ತಗಡಿನ ಶೆಡ್ಡಿನ ಟೈಲರಿಂಗ್ ಅಂಗಡಿ ನನ್ನದು. ಬ್ಲೌಸು, ಶಾಲೆಯ ಯೂನಿಫಾರ್ಮು, ಹಳೆಯ ಸೀರೆಗೆ ಫಾಲ್ಸು. ಆದರೆ ಆ ಬೇಸಿಗೆಯ ಲೀಗಿನ ಸುದ್ದಿ ಪೇಪರಿನವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು, ಏಕೆಂದರೆ ಐದೂ ತಂಡದ ಜೆರ್ಸಿಯ ಬೆನ್ನಿನ ಮೇಲೆ ಹೆಸರು ಕೂರಿಸುವ ಕೆಲಸ ನನಗೆ ಬಂದಿತ್ತು. ದಾವಣಗೆರೆಯಿಂದ ಸಾದಾ ಜೆರ್ಸಿ ತರುತ್ತಿದ್ದರು. ಹೆಸರನ್ನು ಪ್ರಿಂಟ್ ಮಾಡಿಸಬಹುದಿತ್ತು. ಚನ್ನವೀರಪ್ಪ ಬೇಡವೆಂದ. ಪ್ರಿಂಟ್ ಮಾಡಿಸಿದರೆ ಆಳು ಹೋದ ಮೇಲೆ ಜೆರ್ಸಿ ದಂಡ. ಅದಕ್ಕೆ ಫೆಲ್ಟ್ ಬಟ್ಟೆಯಲ್ಲಿ ಅಕ್ಷರ ಕತ್ತರಿಸಿ, ಕಚ್ಚಾ ಹೊಲಿಗೆಯಲ್ಲಿ ಕೂರಿಸಬೇಕು. ಕಚ್ಚಾ ಎಂದರೆ ದೂರ ದೂರಕ್ಕೆ ಸೂಜಿ ಹಾಕಿದ, ಎಳೆದರೆ ಬಿಚ್ಚಿಕೊಳ್ಳುವ ಹೊಲಿಗೆ. ಬಟ್ಟೆ ಅಳತೆಗೆ ಕೂತಿದೆಯೋ ಇಲ್ಲವೋ ನೋಡಲು ಹಾಕುವಂಥದ್ದು. ಹೋದವನ ಅಕ್ಷರ ಬಿಚ್ಚಿ ಬಂದವನ ಬೆನ್ನಿಗೆ ಹಾಕಬೇಕು. "ಗಟ್ಟಿ ಹೊಲಿಬ್ಯಾಡಮ್ಮ ಗಿರಿಜಮ್ಮ, ಯಾರು ಎಷ್ಟು ದಿನ ಇರ್ತಾರೋ ಯಾರಿಗ್ಗೊತ್ತು" ಎಂದು ಅವನೇ ನಿಂತು ಹೇಳಿಹೋದ. ಉಳಿದ ನಾಲ್ವರೂ ಅದನ್ನೇ ಹಿಡಿದರು.

ಹರಾಜು ನಡೆದದ್ದು ಕಲ್ಯಾಣ ಮಂಟಪದಲ್ಲಿ. ಅಕ್ಷರದ ಅಳತೆಗೆಂದು ನನ್ನನ್ನೂ ಕರೆದಿದ್ದರು. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿದರು. ಕೈ ಚಾಚು ಅಂದರು, ಚಾಚಿದ. ಆ ಕಡೆ ತಿರುಗು ಅಂದರು, ತಿರುಗಿದ. ಹೆಣ್ಣು ನೋಡಲು ಬಂದವರು ಇಷ್ಟು ಮಾಡಿದರೆ ಎದ್ದು ಬಾಗಿಲು ತೋರಿಸುತ್ತೇವೆ. ಇಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಕೋಗಳಿಯ ಒಬ್ಬ ಬ್ಯಾಟ್ಸ್‌ಮನ್ನನ್ನು ಯಾರೂ ಕೇಳಲಿಲ್ಲ. ಅವನು ಇಳಿಯಲೋ ನಿಲ್ಲಲೋ ತಿಳಿಯದೆ ಹೂವಿನ ಕಂಬ ಹಿಡಿದು ನಿಂತ. ಚನ್ನವೀರಪ್ಪ ಮೈಕು ತೆಗೆದುಕೊಂಡು ಇವನು ಇನ್ನು 'ಫ್ರೀ ಏಜೆಂಟ್' ಎಂದು ಸಾರಿದ. ಯಾರಿಗೂ ಬೇಡವಾದವನಿಗೆ ಇಷ್ಟು ಚೆಂದದ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಈ ಮಾತು ಅವನಿಗೆ ಬಂದದ್ದು ಬೇಸ್‌ಬಾಲಿನಿಂದ. ಟೈಲ್ಸ್ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಇರುವುದಿಲ್ಲ. ಫ್ಯಾನಿನ ಕೆಳಗೆ ಕೂತು ಫೋನಿನಲ್ಲಿ ಅಮೆರಿಕದ ಬೇಸ್‌ಬಾಲ್ ಸುದ್ದಿ ನೋಡುವ ಚಟ ಹತ್ತಿಸಿಕೊಂಡಿದ್ದ. ಆಟ ನೋಡುತ್ತಿರಲಿಲ್ಲ, ಆಟ ಅವನಿಗೆ ಅರ್ಥವಾಗುತ್ತಿರಲಿಲ್ಲ. ಯಾವ ಮಾಲೀಕ ಯಾರನ್ನು ಎಷ್ಟು ವರ್ಷಕ್ಕೆ ಹಿಡಿದ, ಯಾರನ್ನು ಯಾರಿಗೆ ದಾಟಿಸಿದ, ಆ ಕರಾರಿನ ಸುದ್ದಿ ಮಾತ್ರ ನೋಡುತ್ತಿದ್ದ. ನಮ್ಮ ಐದು ತಾಲ್ಲೂಕಿನಲ್ಲಿ ಬೇಸ್‌ಬಾಲ್ ಕಂಡವರು ಯಾರಿದ್ದಾರೆ, ಅವನು ಹೇಳಿದ್ದೇ ಶಾಸನ. ಬಾಂಡಿನಲ್ಲಿ ಏನು ಬರೆದರೂ, ಯಾರು ಏನು ಕೇಳಿದರೂ ಉತ್ತರ ಒಂದೇ. "ಬೇಸ್‌ಬಾಲಿನಾಗ ಹಂಗೇ ಐತಿ."

ಆಟಗಾರ ಮಾಲೀಕನನ್ನು ಕೇಳದೆ ಮದುವೆ, ಮುಂಜಿ, ಸೀಮಂತಕ್ಕೆ ಹೋಗುವಂತಿಲ್ಲ. ಬೇಸ್‌ಬಾಲಿನಾಗ ಹಂಗೇ ಐತಿ. ಕೈಕಾಲು ಮುರಿದರೆ ಅವನ ಮನೆಯವರೇ ನೋಡಿಕೊಳ್ಳಬೇಕು. ಅದೂ ಹಂಗೇ ಐತಿ. ಆಟಗಾರನ ಹತ್ತನೇ ಕ್ಲಾಸಿನ ಮೂಲ ಮಾರ್ಕ್ಸ್ ಕಾರ್ಡು ಫೈನಲ್ ಮುಗಿಯುವವರೆಗೆ ಮಾಲೀಕನ ಬಳಿ ಇರಬೇಕು, ನಡುವೆ ಇನ್ನೊಂದು ತಂಡಕ್ಕೆ ಓಡಿಹೋಗದ ಹಾಗೆ. ಅಮೆರಿಕದಲ್ಲಿ ಎಸ್ಸೆಸ್ಸೆಲ್ಸಿ ಇದೆಯೇ ಎಂದು ಕೇಳುವ ಬುದ್ಧಿ ಹದಿನೈದು ಜನರಲ್ಲಿ ಒಬ್ಬನಿಗೂ ಬರಲಿಲ್ಲ. ಎಲ್ಲರೂ ಕೊಟ್ಟು ಬಂದರು. ನಮ್ಮ ತಿಪ್ಪೇಶನೂ ಕೊಟ್ಟ.

ತಿಪ್ಪೇಶ ನನ್ನ ಮೈದುನ. ನಾನು ಈ ಮನೆಗೆ ಬಂದಾಗ ಅವನಿಗೆ ಎಂಟು ವರ್ಷ, ಅತ್ತೆ ಆಗಲೇ ಇರಲಿಲ್ಲ. ಅವನ ಚಡ್ಡಿಯಿಂದ ಪ್ಯಾಂಟಿನವರೆಗೆ ಎಲ್ಲ ಹೊಲಿದವಳು ನಾನೇ. ಎಡಗೈಯಲ್ಲಿ ಚೆಂಡು ಹಾಕುತ್ತಾನೆ, ಅದು ಕಡೇ ಗಳಿಗೆಯಲ್ಲಿ ಒಳಗೆ ತಿರುಗುತ್ತದಂತೆ. ಕರಡಿಗಳು ಗೆದ್ದದ್ದೆಲ್ಲ ಆ ಕೈಯಿಂದ ಎಂದು ನಮ್ಮ ಮನೆಯವರು ಹೇಳುತ್ತಾರೆ. ಹೊಟ್ಟೆಪಾಡಿಗೆ ಗುಡೇಕೋಟೆ ಕಾಡಿನಲ್ಲಿ ದಿನಗೂಲಿ. ಬೇಸಿಗೆಯಲ್ಲಿ ಕರಡಿಗಳು ಕುಡಿಯುವ ತೊಟ್ಟಿಗೆ ನೀರು ತುಂಬುವುದು, ಬೆಂಕಿ ಬಿದ್ದರೆ ಸೊಪ್ಪಿನಿಂದ ಬಡಿಯುವುದು. ಆರು ವರ್ಷ ಅದನ್ನೇ ಮಾಡಿದ್ದ. ಅರಣ್ಯ ವೀಕ್ಷಕನ ಹುದ್ದೆಗೆ ಅರ್ಜಿ ಹಾಕಿದ್ದ. ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ಸಲ.

ಚೈತ್ರ ವೈಶಾಖದ ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಹತ್ತು ಗಂಟೆಗೇ ತಗಡು ಟಕ್ ಟಕ್ ಎಂದು ಹಿಗ್ಗುವ ಸದ್ದು. ಕರೆಂಟು ಹೋದರೆ ಕಾಲಿನ ಮಷೀನಿಗೆ ಕೂರುತ್ತಿದ್ದೆ. ಬೆವರಿಗೆ ಫೆಲ್ಟಿನ ಬಣ್ಣ ಬಿಟ್ಟು ಬೆರಳೆಲ್ಲ ಕೆಂಪು ಕಪ್ಪು. ಅಂಗಡಿಯ ಎದುರಿನ ಬೇವು ಹೂ ಉದುರಿಸಿ, ಗಾಳಿಗೆ ಅದೆಲ್ಲ ಒಳಗೆ ಬಂದು ಜೆರ್ಸಿಯ ಮಡಿಕೆಯಲ್ಲಿ ಕೂರುತ್ತಿತ್ತು. ನಮ್ಮ ಮನೆಯವರು ಸರ್ಕಾರಿ ಬಸ್ಸಿನ ಕಂಡಕ್ಟರು. ಒಂದು ದಿನ ಕೊಟ್ಟೂರು ಹರಪನಹಳ್ಳಿ, ಇನ್ನೊಂದು ದಿನ ಹಗರಿಬೊಮ್ಮನಹಳ್ಳಿ ಹಡಗಲಿ. ಡ್ಯೂಟಿ ಮುಗಿಸಿ ಬರುವಾಗ ನನ್ನ ಅಂಗಡಿಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದು, ಬಸ್ಸಿನಲ್ಲಿ ಬಿದ್ದ ಸುದ್ದಿಯನ್ನೆಲ್ಲ ಸುರಿದು ಹೋಗುವುದು ರೂಢಿ.

ಹಡಗಲಿಯವರು ಇಟ್ಟಿಗಿ ಊರಿನ ಒಬ್ಬನನ್ನು ತಗೊಂಡಿದ್ದಾರಂತೆ. ಮಲ್ಲಿಗೆ ಬುಟ್ಟಿಗಳನ್ನು ಬೆಳಗಿನ ಬಸ್ಸಿಗೆ ಹಾಕಿದ ಮೇಲೇ ಬರುವೆನೆಂದು ಕರಾರು ಮಾಡಿಸಿಕೊಂಡಿದ್ದಾನಂತೆ. ಇಡೀ ಲೀಗಿನಲ್ಲಿ ತಲೆ ಇದ್ದವನು ಅವನೊಬ್ಬನೇ ಎಂದು ನನಗನ್ನಿಸಿತು. ಹರಪನಹಳ್ಳಿಯವರು ವಿಕೆಟ್ ಕೀಪರನನ್ನು ಕೊಟ್ಟೂರಿಗೆ ಕೊಟ್ಟು, ಬದಲಿಗೆ ಒಬ್ಬ ಬೌಲರನನ್ನೂ ಎರಡು ಸ್ಪೀಕರ್ ಡಬ್ಬಿಯನ್ನೂ ತಂದರಂತೆ. ಸ್ಪೀಕರು ಚೆನ್ನಾಗಿತ್ತು, ಬೌಲರ್ ಕೆಟ್ಟಿದ್ದ. ಹಗರಿಬೊಮ್ಮನಹಳ್ಳಿ ತಂಡ ಆಡಿದ್ದನ್ನೆಲ್ಲ ಸೋತು, ಅದರ ಮಾಲೀಕ 'ಈ ವರ್ಷ ತಂಡ ಕಟ್ಟುವ ವರ್ಷ' ಎಂದು ಹೇಳಿಕೆ ಕೊಟ್ಟ. ಮುಂದಿನ ವಾರ ತನ್ನ ಅರ್ಧ ತಂಡವನ್ನು ಬಿಚ್ಚಿ ಮಾರಿದ್ದ. ಒಬ್ಬ ಒಂದೇ ತಿಂಗಳಿನಲ್ಲಿ ಮೂರು ಊರಿನವನಾದ. ಅವನ ಹೆಸರಿನ ಅಕ್ಷರಗಳು ನನ್ನ ಕೈಯಲ್ಲಿ ಎಷ್ಟು ಸಲ ಬಿಚ್ಚಿ ಕೂತವೆಂದರೆ ಕೊನೆಗೆ ಅಂಚೆಲ್ಲ ನಾರೆದ್ದು, ದೂರದಿಂದ ಬೆನ್ನಿನ ಮೇಲೆ ಹುಲ್ಲು ಬೆಳೆದಂತೆ ಕಾಣುತ್ತಿತ್ತು.

ಹೀಗೆ ಓಡಾಡುವವನೊಬ್ಬ ಒಂದು ಭಾನುವಾರ, ಜೆರ್ಸಿ ನನ್ನ ಅಂಗಡಿಯಲ್ಲೇ ಉಳಿದು, ಬನಿಯನ್ನಿನಲ್ಲೇ ಕರಡಿಗಳ ಎದುರು ಮೈದಾನಕ್ಕಿಳಿದ. ಆ ದಿನ ಕರಡಿಗಳು ಸೋತವು. ಚನ್ನವೀರಪ್ಪ ಉಳಿದ ನಾಲ್ವರು ಮಾಲೀಕರನ್ನು ಕೂಡಿಸಿ, ಇನ್ನು ಮುಂದೆ ತಂಡದ, ಹೆಸರಿರುವ ಜೆರ್ಸಿ ಹಾಕದೆ ಒಬ್ಬ ಇಳಿದರೂ ಆ ತಂಡ ಸೋತಂತೆ ಎಂದು ನಿಯಮ ಬರೆಸಿದ. ಸಹಿಯನ್ನೂ ಅವನೇ ಮೊದಲು ಹಾಕಿದ. ಈ ನಿಯಮವನ್ನು ನಮ್ಮ ಮನೆಯವರು ನಗುತ್ತ ಹೇಳಿದರು. ನಾನು ಹೊಲಿಯುತ್ತಲೇ ಕೇಳಿಸಿಕೊಂಡೆ. ಮರೆಯಲಿಲ್ಲ.

ವೈಶಾಖದ ಕೊನೆಗೆ ತಿಪ್ಪೇಶನಿಗೆ ಪತ್ರ ಬಂತು. ಪಟ್ಟಿಯಲ್ಲಿ ಅವನ ಹೆಸರಿದೆ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬಳ್ಳಾರಿಯಲ್ಲಿ ದಾಖಲೆ ಪರಿಶೀಲನೆ, ಮೂಲ ಮಾರ್ಕ್ಸ್ ಕಾರ್ಡಿನೊಂದಿಗೆ ಖುದ್ದಾಗಿ ಬರಬೇಕು, ಬಾರದಿದ್ದರೆ ಮುಂದಿನವರನ್ನು ಪರಿಗಣಿಸಲಾಗುವುದು. ಅವನು ಪತ್ರವನ್ನು ನನ್ನ ಕಟಿಂಗ್ ಟೇಬಲ್ಲಿನ ಮೇಲೆ ಹರಡಿ, ಮುದುರದಂತೆ ನಾಲ್ಕು ಮೂಲೆಗೂ ನಾಲ್ಕು ದಾರದ ಉಂಡೆ ಇಟ್ಟ. ನಾವಿಬ್ಬರೂ ಎರಡೆರಡು ಸಲ ಓದಿದೆವು. ಆಮೇಲೆ ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಫೈನಲ್ ಇರುವುದೂ ಅದೇ ಶುಕ್ರವಾರ. ಭಾನುವಾರ ಇರಬೇಕಾದದ್ದನ್ನು, ಬಹುಮಾನ ಕೊಡುವ ಗಣ್ಯರಿಗೆ ಪುರಸೊತ್ತು ಅಂದೇ ಎಂದು ಹಿಂದಕ್ಕೆ ಎಳೆದಿದ್ದರು.

ತಿಪ್ಪೇಶ ಟೈಲ್ಸ್ ಅಂಗಡಿಗೆ ಹೋದ. ಮೊದಲ ದಿನ ಅವನನ್ನು ಒಂದು ಗಂಟೆ ಕೂರಿಸಿ, ಸಾಹುಕಾರರು ಊಟಕ್ಕೆ ಹೋದರೆಂದು ಕಳಿಸಿದರು. ಎರಡನೇ ದಿನ ಚನ್ನವೀರಪ್ಪನೇ ಸಿಕ್ಕ, ಫೈನಲ್ ಆಗಲಿ ನೋಡೋಣ ಅಂದ. ಫೈನಲ್ಲಿನ ಹೊತ್ತಿಗೆ ನಾನು ಬಳ್ಳಾರಿಯಲ್ಲಿರಬೇಕು ಎಂದು ಇವನು ಹೇಳಿದ್ದೇ ತಪ್ಪಾಯಿತು. ಅಲ್ಲಿಯವರೆಗೆ ಅವನಿಗೆ ಮಾರ್ಕ್ಸ್ ಕಾರ್ಡು ಒಂದು ಕಾಗದ, ಅಲ್ಲಿಂದಾಚೆಗೆ ಅದು ಹಗ್ಗ. ಕಾರ್ಡು ಕೊಟ್ಟರೆ ಎಡಗೈ ಬಳ್ಳಾರಿಗೆ ಹೋಗುತ್ತದೆ. ಮೂರನೇ ದಿನ ನಮ್ಮ ಮನೆಯವರು ಯೂನಿಫಾರ್ಮಿನಲ್ಲೇ ಹೋಗಿ ಕೇಳಿದರು. ಅವರಿಗೆ ಚಹಾ ಕುಡಿಸಿ, ಕೈಗೊಂದು ಟೈಲ್ಸ್ ಕಂಪನಿಯ ಕ್ಯಾಲೆಂಡರ್ ಕೊಟ್ಟು, ಬಾಂಡು ಬಾಂಡೇ ಎಂದು ಹೇಳಿ ಕಳಿಸಿದ. ಮೇ ತಿಂಗಳಲ್ಲಿ ಕ್ಯಾಲೆಂಡರ್. ಅದನ್ನು ನಾನು ಅಡಿಗೆಮನೆಯ ಡಬ್ಬಿಗಳ ಕೆಳಗೆ ಹಾಸಿದೆ.

ಬುಧವಾರ ಸಂಜೆ ತಿಪ್ಪೇಶ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಗುಡೇಕೋಟೆಯಿಂದ ಬಂದ ಬಟ್ಟೆಯಲ್ಲೇ ಇದ್ದ, ತೋಳಿನ ಮೇಲೆ ಬೂದಿ.

"ಬಿಡು ಅತ್ತಿಗಿ, ತೊಟ್ಟಿಗೆ ನೀರು ತುಂಬಾಕ ಯಾವ ಕಾರ್ಡೂ ಕೇಳಂಗಿಲ್ಲ" ಅಂದ.

ಆ ಮಾತು ಅವನು ಅಷ್ಟು ಸಣ್ಣ ದನಿಯಲ್ಲಿ ಹೇಳದೆ, ಬೈದು ಹೇಳಿದ್ದರೆ ನಾನು ಬಹುಶಃ ಮುಂದಿನದನ್ನು ಮಾಡುತ್ತಿರಲಿಲ್ಲ.

ಕರಡಿಗಳ ಹದಿನೈದೂ ಜೆರ್ಸಿ ನನ್ನ ಬಳಿಯೇ ಇದ್ದವು. ಫೈನಲ್ಲಿಗೆಂದು ಹೊಸದಾಗಿ ಬಂದ ಇಬ್ಬರ ಹೆಸರು ಕೂರಿಸಬೇಕಿತ್ತು, ಎಲ್ಲರ ಎದೆಯ ಮೇಲೂ 'ಚನ್ನವೀರಪ್ಪ ಟೈಲ್ಸ್' ಎಂಬ ಪಟ್ಟಿ ಹಾಕಬೇಕಿತ್ತು. ಹೆಸರಿಗಿಂತ ಪಟ್ಟಿ ದೊಡ್ಡದಿರಲಿ ಎಂದಿದ್ದ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಸಿದೆ, ಅವನ ಇಷ್ಟದಂತೆ ಕಚ್ಚಾ ಹೊಲಿಗೆಯಲ್ಲೇ. ತಿಪ್ಪೇಶನ ಜೆರ್ಸಿಯ ಬೆನ್ನಿನಿಂದ ಅಕ್ಷರಗಳನ್ನು ಬಿಚ್ಚಿ ತೆಗೆದಿಟ್ಟುಕೊಂಡೆ. ಆಮೇಲೆ ಹದಿನೈದನ್ನೂ ಹಳೆಯ ಸೀರೆಯಲ್ಲಿ ಗಂಟು ಕಟ್ಟಿ, ಗಂಟನ್ನು ಸ್ಟೂಲಿನ ಮೇಲಿಟ್ಟು, ಅದರ ಮೇಲೆ ಕೂತು ಒಂದು ಬ್ಲೌಸಿಗೆ ಹುಕ್ಕು ಹಾಕತೊಡಗಿದೆ.

ಎರಡು ಗಂಟೆಗೆ ಚನ್ನವೀರಪ್ಪನ ಕಾರು ಬಂತು. ಕರೆಂಟಿರಲಿಲ್ಲ. ಅವನು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ ತಗಡಿನ ಕೆಳಗೆ ನಿಂತ.

"ಏನಮ್ಮ ಗಿರಿಜಮ್ಮ, ಎಲ್ಲಾ ರೆಡಿ ಅದಾವೇನು?"

"ಅದಾವ್ರಿ ಅಣ್ಣಾರ. ತಿಪ್ಪೇಶನ ಕಾರ್ಡ್ ತಂದೀರೇನ್ರಿ?"

"ಕಾರ್ಡಿಗೂ ಜೆರ್ಸಿಗೂ ಏನಮ್ಮ ಸಂಬಂಧ?"

"ಕಾರ್ಡಿಗೂ ಬೌಲಿಂಗಿಗೂ ಏನೈತಿ, ಅದೇ ಸಂಬಂಧ ಅಂತ ತಿಳಕೊಳ್ರಿ."

ಅವನು ನಕ್ಕ. ಹೆಂಗಸರು ತಮಾಷೆ ಮಾಡುತ್ತಿದ್ದಾರೆಂದು ತಿಳಿದಾಗ ಗಂಡಸರು ನಗುವ ನಗು. ನಾನು ಇನ್ನೊಂದು ಹುಕ್ಕು ಹಾಕಿದೆ. ಆಗ ಅವನ ಕಣ್ಣು ಗಂಟಿನ ಮೇಲೆ ಬಿತ್ತು, ನಾನು ಕೂತದ್ದು ಯಾವುದರ ಮೇಲೆಂದು ಗೊತ್ತಾಯಿತು. ದನಿ ಏರಿತು. ಮಜೂರಿ ತಗೊಂಡು ಮಾಲು ತಡೆಯುವುದು ಪೊಲೀಸ್ ಕೇಸು ಅಂದ. ಬೇರೊಬ್ಬರ ಮಾರ್ಕ್ಸ್ ಕಾರ್ಡು ತಡೆಯುವುದು ಯಾವ ಕೇಸೋ ಅದನ್ನೂ ಅಲ್ಲೇ ಕೇಳೋಣ ಅಂದೆ. ಹೊಸಪೇಟೆಯಲ್ಲಿ ಬೇರೆ ಜೆರ್ಸಿ ಪ್ರಿಂಟ್ ಹಾಕಿಸುತ್ತೇನೆ ಅಂದ. ಹೋಗಿ ಬರ್ರಿ, ಬಿಸಿಲು ಬಹಳ ಐತಿ, ನೀರು ಕುಡಿದು ಹೋಗ್ರಿ ಅಂದೆ. ಹೊಸಪೇಟೆಯಲ್ಲಿ ಎರಡು ದಿನ ಬೇಕೆಂಬುದು ಅವನಿಗೂ ಗೊತ್ತಿತ್ತು. ಜೆರ್ಸಿ ಇಲ್ಲದೆ ಇಳಿದರೆ ತಂಡ ಸೋತಂತೆ ಎಂಬ ನಿಯಮ ಬರೆಸಿದವನು ಯಾರೆಂಬುದಂತೂ ಚೆನ್ನಾಗಿ ಗೊತ್ತಿತ್ತು.

"ಇದ್ಯಾವ ಊರ ನ್ಯಾಯಮ್ಮ?" ಅಂದ ಕೊನೆಗೆ.

"ಅಮೆರಿಕದ್ದಿರಬೇಕ್ರಿ ಅಣ್ಣಾರ" ಅಂದೆ. "ಬೇಸ್‌ಬಾಲಿನಾಗ ಹಂಗೇ ಐತಂತ."

ಪಕ್ಕದ ಪಂಚರ್ ಅಂಗಡಿಯಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ. ಚನ್ನವೀರಪ್ಪ ಫೋನು ತೆಗೆದು ಅಂಗಡಿಯ ಆಳಿಗೆ ಕರೆ ಮಾಡಿದ. ಹತ್ತು ನಿಮಿಷದಲ್ಲಿ ಬೈಕಿನ ಮೇಲೆ ಒಂದು ಕವರು ಬಂತು. ಅದರಿಂದ ಕಾರ್ಡು ತೆಗೆದು ನನ್ನ ಟೇಬಲ್ಲಿನ ಮೇಲೆ ಎಸೆದ. ಅದು ಕಾಗದ ಬೀಳುವಂತೆ ಬೀಳಲಿಲ್ಲ. ತಟ್ಟೆ ಬಿದ್ದಂತೆ ಸದ್ದಾಯಿತು.

"ನೋಡಿಕೋ. ನಿಮ್ಮ ಮನ್ಯಾಗ ಇಲಿ ತಿಂತಿದ್ವು. ನಾನು ಎಷ್ಟು ಜ್ವಾಪಾನ ಮಾಡೀನಿ."

ಲ್ಯಾಮಿನೇಷನ್ ಮಾಡಿಸಿದ್ದ. ಹದಿನೈದನ್ನೂ ಮಾಡಿಸಿದ್ದನಂತೆ. ಅಷ್ಟು ಸಾಲದೆ, ಕಾರ್ಡಿನ ಕೆಳಗಿನ ಮೂಲೆಯಲ್ಲಿ, ಪ್ಲಾಸ್ಟಿಕ್ಕಿನ ಒಳಗೆ, ತಂಡದ ಸ್ಟಿಕರ್ ಅಂಟಿಸಿದ್ದ: ಬ್ಯಾಟು ಹಿಡಿದು ಹಲ್ಲು ಕಿರಿಯುವ ಒಂದು ಕರಡಿ. ಯಾವ ಕಾರ್ಡು ಯಾವ ತಂಡದ್ದೆಂದು ಗುರುತಿಗೆ. ಹೆಡ್ ಮಾಸ್ತರರ ಸಹಿಯ ಮೇಲೆ ಆ ಕರಡಿ ಕೂತಿತ್ತು.

ನಾನು ಗಂಟಿನಿಂದ ಎದ್ದೆ. ಅವನು ಜೆರ್ಸಿಗಳನ್ನು ಎಣಿಸಿಕೊಂಡು ಹೋದ. ಒಂದರ ಬೆನ್ನು ಖಾಲಿ ಇರುವುದನ್ನು ಆಗ ನೋಡಲಿಲ್ಲ.

ತಿಪ್ಪೇಶನನ್ನು ಕರೆಸಿದೆ. ಅವನು ಕಾರ್ಡನ್ನು ನೋಡಿ, ಜೇಬಿನಿಂದ ಪತ್ರ ತೆಗೆದು ಅದರ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ಮೂಲ ದಾಖಲೆಗಳು ಲ್ಯಾಮಿನೇಷನ್ ಇಲ್ಲದೆ ಇರತಕ್ಕದ್ದು. ಎರಡೆರಡು ಸಲ ಓದಿದವರು ನಾವು, ಈ ಸಾಲು ನಮಗೆ ಸಂಬಂಧವಿಲ್ಲವೆಂದು ದಾಟಿಹೋಗಿದ್ದೆವು. ಖಾಜಾನ ಬಳಿ ಓಡಿದೆವು. ಮಾಡಿದವನು ಅವನೇ. ಸಾಹುಕಾರರು ಕೊಟ್ಟರು, ಮಾಡಿದೆ ಅಂದ. ಹಾಕುವ ಮಷೀನು ಇದೆ, ತೆಗೆಯುವ ಮಷೀನು ಎಲ್ಲೂ ಇಲ್ಲ ಅಂದ. ಇಸ್ತ್ರಿ ಪೆಟ್ಟಿಗೆಯಿಂದ ಕಾಯಿಸಿ ಬಿಡಿಸುತ್ತಾರಂತೆ ಎಂದು ಯಾರೋ ಹೇಳಿದ್ದನ್ನು ಕೇಳಿದ್ದ. ಹತ್ತರಲ್ಲಿ ಆರು ಹರಿಯುತ್ತವಂತೆ.

ನಾಲ್ಕು ಗಂಟೆಗೆ ಕರೆಂಟು ಬಂತು. ಅಂಗಡಿಯ ಬಾಗಿಲು ಅರ್ಧ ಎಳೆದು, ಬೇವಿನ ಗಾಳಿ ಬರದಂತೆ ಸೀರೆ ಕಟ್ಟಿ, ಕೂತೆ. ಪೆಟ್ಟಿಗೆಯನ್ನು ರೇಷ್ಮೆಯ ಹದಕ್ಕೆ ಇಟ್ಟು, ಮೇಲೆ ತೆಳು ವಾಯಿಲ್ ಬಟ್ಟೆ ಹಾಸಿ, ಒಂದು ಮೂಲೆಗೆ ತಾಗಿಸಿ ತೆಗೆದೆ. ಬ್ಲೇಡಿನ ತುದಿಯಿಂದ ಅಂಚು ಎಬ್ಬಿಸಿದೆ. ಆ ವಾಸನೆ ಬಂತು. ಒಂದು ನೂಲಿನಷ್ಟು ಬಿಡಿಸುವುದು, ನಿಲ್ಲಿಸುವುದು, ಮತ್ತೆ ಕಾಯಿಸುವುದು. ಆತುರ ಮಾಡಿದರೆ ಕಾಗದದ ಪದರ ಮೇಲೇಳುತ್ತದೆ. ಇಪ್ಪತ್ತು ವರ್ಷ ಇನ್ನೊಬ್ಬರ ಹೊಲಿಗೆ ಬಿಚ್ಚಿದ ಕೈ ನನ್ನದು, ಬಟ್ಟೆಗೆ ಗಾಯ ಮಾಡದೆ ದಾರವನ್ನು ತೆಗೆಯುವುದೊಂದು ನನಗೆ ಬರುತ್ತದೆ. ತಿಪ್ಪೇಶ ಉಸಿರು ಬಿಟ್ಟರೂ ಬೈಯುತ್ತಿದ್ದೆ. ಹಿಂದಿನ ಬದಿ ಪೂರ್ತಿ ಬಂತು. ಮುಂದೆ ಅವನ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು, ಕನ್ನಡದಲ್ಲಿ ಒಳ್ಳೆಯ ಅಂಕ, ಗಣಿತದಲ್ಲಿ ಹೇಳದಿರುವುದೇ ಲೇಸಾದ ಅಂಕ, ಎಲ್ಲ ಒಂದೊಂದಾಗಿ ಗಾಳಿಗೆ ಬಂದವು.

ಕೊನೆಗೆ ಕರಡಿ ಉಳಿಯಿತು. ಸ್ಟಿಕರಿನ ಅಂಚನ್ನು ಒಂದಿಷ್ಟು ಎತ್ತಿ ನೋಡಿದೆ. ಅದರ ಬೆನ್ನಿಗೆ ಅಂಟಿಕೊಂಡು ಸಹಿಯ ನೀಲಿ ಶಾಯಿಯ ಒಂದು ಬಾಲ ಎದ್ದು ಬಂತು. ಕೈ ಅಲ್ಲೇ ನಿಂತಿತು.

"ಎಳಿ ಅತ್ತಿಗಿ, ಕರಡಿ ಇಟ್ಟುಕೊಂಡು ಹೆಂಗ ಹೋಗ್ಲಿ" ಅಂದ ತಿಪ್ಪೇಶ.

"ಕರಡಿ ಇದ್ರ ನಗ್ತಾರ. ಸಹಿ ಇಲ್ಲಂದ್ರ ಕಳಿಸ್ತಾರ" ಅಂದೆ. ಎತ್ತಿದ ಅಂಚನ್ನು ಹಾಗೇ ಬೆರಳಿನಿಂದ ಒತ್ತಿ ಕೂರಿಸಿ, ಕರಡಿಯ ಸುತ್ತಲಿನ ಪ್ಲಾಸ್ಟಿಕ್ಕನ್ನು ಮಾತ್ರ ಕತ್ತರಿಸಿದೆ. ಕಾರ್ಡನ್ನು ಎರಡು ರಟ್ಟಿನ ನಡುವೆ ಇಟ್ಟು, ಮೇಲೆ ಬಟ್ಟೆ ಸುತ್ತಿ, ಹೊಲಿದೇ ಕೊಟ್ಟೆ.

ಶುಕ್ರವಾರ ಬೆಳಿಗ್ಗೆ ಆರರ ಬಸ್ಸಿಗೆ ಅವನು ಹೋದ. ನಾನು ಅಂಗಡಿ ತೆರೆದೆ. ಕಾಲೇಜು ಮೈದಾನ ದೂರವಿಲ್ಲ, ಮೈಕಿನ ಒಂದೊಂದು ಮಾತೂ ತಗಡಿಗೆ ಬಡಿಯುತ್ತಿತ್ತು. ಆಟದ ವಿವರ ಹೇಳುವವನು ಚನ್ನವೀರಪ್ಪನ ಉಪ್ಪು ತಿಂದವನು. ಎಡಗೈ ಬೌಲರ್ ಎಲ್ಲಿ ಎಂದು ಜನ ಕೂಗಿದಾಗ, "ಕಾಡಿನ ಕರಡಿ ಕಾಯಾಕ ಹೋಗಿ ನಮ್ಮ ಕರಡಿಗಳನ್ನ ನಡುನೀರಾಗ ಬಿಟ್ಟಾನ್ರಿ ಅವ" ಅಂದ. ಜನ ಹೋ ಎಂದರು. ಅದರಲ್ಲಿ ನನ್ನ ಬಳಿ ಬಟ್ಟೆ ಹೊಲಿಸುವ ಮನೆಗಳ ದನಿಗಳೂ ಇದ್ದವು, ನನಗೆ ಗುರುತು ಸಿಕ್ಕಿತು. ಅವರ ಬ್ಲೌಸುಗಳನ್ನು ಆ ವಾರ ನಾನು ನಿಧಾನವಾಗಿ ಹೊಲಿದೆ. ಕೊಟ್ಟೂರಿನವರು ಬಾರಿಸಿದರು. ಹಿಡಿಯಲು ಹೋಗಿ ಬಿದ್ದ ಒಬ್ಬ ಕರಡಿಯ ಎದೆಯ ಪಟ್ಟಿ ಬಿಚ್ಚಿಕೊಂಡು, ಟೈಲ್ಸಿನ ಅರ್ಧ ಹೆಸರು ಹೊಟ್ಟೆಯ ಕೆಳಗೆ ನೇತಾಡಿತಂತೆ. ಗಟ್ಟಿ ಹೊಲಿಯಬೇಡ ಎಂದವನು ಅವನೇ. ಕೂಡ್ಲಿಗಿ ಸೋತಿತು. ಮೈಕು ನಿಂತಿತು. ನನಗೆ ಬೇಕಾದ ಸುದ್ದಿ ಇನ್ನೂ ಬಂದಿರಲಿಲ್ಲ.

ತಿಪ್ಪೇಶ ಐದೂವರೆಗೆ ಬಂದ. ಬಸ್ಸಿಳಿದು ನೇರ ಅಂಗಡಿಗೆ ಬಂದು, ಮೊದಲು ನೀರು ಕುಡಿದ. ಪರಿಶೀಲನೆಗೆ ಕೂತಿದ್ದವರು ಒಬ್ಬ ಮೇಡಂ ಅಂತೆ. ಕಾರ್ಡಿನ ಮೇಲಿನ ಕರಡಿಯನ್ನು ಕಂಡು ಪಕ್ಕದವರನ್ನು ಕರೆದು ತೋರಿಸಿದರಂತೆ. ಇವನು ಲೀಗು, ಬಾಂಡು, ಟೈಲ್ಸು, ಇಸ್ತ್ರಿ ಪೆಟ್ಟಿಗೆ ಎಲ್ಲವನ್ನೂ ಹೇಳಿದನಂತೆ. ಕರಡಿ ಯಾಕೆ ತೆಗೆಯಲಿಲ್ಲ ಎಂದು ಕೇಳಿದ್ದಕ್ಕೆ, ಸಹಿ ಹೋಗುತ್ತದೆಂದು ನಮ್ಮ ಅತ್ತಿಗಿ ಬಿಟ್ಟಳು ಅಂದನಂತೆ. ಮೇಡಂ ಎದ್ದು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರಂತೆ. ಹಿಂದಿನಿಂದ ನೋಡಿದರೆ ಕರಡಿಯ ಹೊಟ್ಟೆಯೊಳಗೆ ಹೆಡ್ ಮಾಸ್ತರರ ಸಹಿ ಪೂರ್ತಿ ಕಂಡಿತಂತೆ. ಮೇಲೆ ಸೀಲು ಸರಿಯಿತ್ತು, ನಂಬರು ತಾಳೆಯಾಯಿತು. ಸರಿ ಎಂದು ಗುರುತು ಹಾಕಿದರು.

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಬೆವರು.

ಇಷ್ಟಕ್ಕೆ ಸಿಟ್ಟು ಹೋಗಬೇಕಿತ್ತಲ್ಲ ಎಂದು ಖಾಜಾ ಕೇಳುತ್ತಾನೆ. ಉಳಿದ ಹದಿನಾಲ್ಕು ಕಾರ್ಡುಗಳು ಎಲ್ಲಿ ಹೋದವು ಎಂದು ನಾನು ಕೇಳುತ್ತೇನೆ. ಆ ಮಳೆಗಾಲದಲ್ಲಿ ಒಬ್ಬೊಬ್ಬರಾಗಿ ನನ್ನ ಅಂಗಡಿಗೆ ಬಂದರು, ಪ್ಲಾಸ್ಟಿಕ್ಕಿನೊಳಗಿನ ತಮ್ಮ ಕರಡಿಯನ್ನು ಹಿಡಿದುಕೊಂಡು. ಹಲವನ್ನು ಬಿಡಿಸಿಕೊಟ್ಟೆ. ಒಂದು ನನ್ನ ಕೈಯಲ್ಲೇ ಹರಿಯಿತು, ಹುಟ್ಟಿದ ತಾರೀಖಿನ ಮೇಲೆ ನೇರವಾಗಿ. ಅವನು ಸೆಕ್ಯುರಿಟಿ ಕೆಲಸಕ್ಕೆಂದು ಹೊರಟಿದ್ದವನು. "ಹೋಗ್ಲಿ ಬಿಡ್ರಿ ಅಕ್ಕಾ" ಎಂದು ಎರಡೂ ಚೂರನ್ನು ಜೇಬಿಗೆ ಹಾಕಿಕೊಂಡು ಹೋದ. ಚನ್ನವೀರಪ್ಪನ ಬಳಿ ಯಾರೂ ಹೋಗಿ ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಿದ್ದನೆಂದು ಎಲ್ಲರಿಗೂ ಗೊತ್ತಿತ್ತು.

ತಿಪ್ಪೇಶನಿಗೆ ಆದೇಶ ಬಂದ ವಾರ ಬಸ್ ನಿಲ್ದಾಣದ ಎದುರು ಒಂದು ಫ್ಲೆಕ್ಸ್ ಎದ್ದಿತು. ಅಂಗೈಯಷ್ಟು ತಿಪ್ಪೇಶ, ಬಾಗಿಲಷ್ಟು ಚನ್ನವೀರಪ್ಪ. ನಮ್ಮ ತಂಡದ ಹೆಮ್ಮೆ, ಅರಣ್ಯ ಸೇವೆಗೆ. ನಮ್ಮ ಕರಡಿ ಸ್ಟಿಕರ್ ನೋಡಿಯೇ ಅವನಿಗೆ ಕೆಲಸ ಕೊಟ್ಟರು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದನಂತೆ. ಈ ವರ್ಷವೂ ಜೆರ್ಸಿ ಹೊಲಿಯಲು ಆಳನ್ನು ಕಳಿಸಿದ್ದ. ಸೂಜಿ ಮುರಿದಿದೆ ಎಂದು ಹೇಳಿ ಕಳಿಸಿದೆ.

ಯೂನಿಫಾರ್ಮಿನ ಖಾಕಿ ಬಟ್ಟೆಯನ್ನು ತಿಪ್ಪೇಶ ನನ್ನ ಬಳಿಯೇ ತಂದಿದ್ದ. ಹೆಸರಿನ ಪಟ್ಟಿ ಇಲಾಖೆಯವರೇ ಕೊಡುತ್ತಾರೆ ಅತ್ತಿಗಿ, ಪಿನ್ನು ಚುಚ್ಚಿದರಾಯಿತು ಅಂದ. ಪಿನ್ನು ಬೇಡ ಅಂದೆ. ಜೆರ್ಸಿಯಿಂದ ಬಿಚ್ಚಿಟ್ಟಿದ್ದ ಹಳೆಯ ಅಕ್ಷರಗಳನ್ನು ಒಲೆಗೆ ಹಾಕಿ, ಹೊಸ ಬಟ್ಟೆಯಲ್ಲಿ ಸಣ್ಣ ಅಕ್ಷರ ಕತ್ತರಿಸಿ, ಎದೆಯ ಜೇಬಿನ ಮೇಲೆ ಎರಡೆಳೆ ದಾರದಲ್ಲಿ, ಒಂದಕ್ಕೊಂದು ಒತ್ತಾಗಿ, ಹೋದ ದಾರಿಯಲ್ಲೇ ಮತ್ತೆ ಒಂದು ಸುತ್ತು ಹೊಲಿದೆ. ಅವನು ಹಾಕಿಕೊಂಡು ನಿಂತು, ಅಭ್ಯಾಸ ಬಲವೋ ಏನೋ, ಉಗುರಿನಿಂದ ಮೊದಲ ಅಕ್ಷರದ ಅಂಚನ್ನು ಎಬ್ಬಿಸಿ ನೋಡಿದ.

"ಬರಂಗಿಲ್ಲಲ್ಲ ಅತ್ತಿಗಿ" ಅಂದ.

"ಎಳಿ ಇನ್ನೊಮ್ಮೆ" ಅಂದೆ. ಎಳೆದ. ಬರಲಿಲ್ಲ.